ವಿಎಂ ಕರ್ನಲ್‌ನ ಬೂಟ್‌ಲೋಡರ್: ಮೆಮೊರಿ ಎಲ್ಲಿಂದ ಕೊಡಬೇಕು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ:

ಎಕ್ಸ್86-64 ವರ್ಚುವಲ್ ಮಷಿನ್‌ನಲ್ಲಿ ಓಡುವ ಪುಟ್ಟ ಕರ್ನಲ್ ಒಂದಕ್ಕೆ ಬೂಟ್‌ಲೋಡರ್ ಬರೆಯುತ್ತಿದ್ದೇನೆ. ವಿಎಂ ನಡೆಸುವ ಕ್ಯೂಎಮು (QEMU), ಮಲ್ಟಿಬೂಟ್ ಎಂಬ ಬೂಟ್ ಪದ್ಧತಿಯ ಮೂಲಕ ಲೋಡರನ್ನು 1 ಎಂಬಿ ವಿಳಾಸಕ್ಕೆ ತಂದು ಇಡುತ್ತದೆ. ಕರ್ನಲ್‌ನ ಇಎಲ್‌ಎಫ್ ಫೈಲ್, ಇನಿಟ್‌ಆರ್‌ಡಿ (ಆರಂಭದಲ್ಲಿ ಬೇಕಾದ ಫೈಲ್‌ಗಳ ಕಟ್ಟು) ಎರಡೂ ಮಾಡ್ಯೂಲ್‌ಗಳಾಗಿ ಬರುತ್ತವೆ. ಲೋಡರ್ ಕರ್ನಲನ್ನು 2 ಎಂಬಿ ವಿಳಾಸಕ್ಕೆ ನಕಲು ಮಾಡಿ, ಪೇಜ್ ಟೇಬಲ್ (ವರ್ಚುವಲ್ ವಿಳಾಸವನ್ನು ಭೌತಿಕ ವಿಳಾಸಕ್ಕೆ ಹೊಂದಿಸುವ ಪಟ್ಟಿ) ಕಟ್ಟಿ, 64 ಬಿಟ್‌ನ ಲಾಂಗ್ ಮೋಡ್‌ಗೆ ಹೋಗಿ ಜಿಗಿಯುತ್ತದೆ. ಪೇಜ್‌ಗಳನ್ನು ಕೊಡಲು ಮೇಲ್ತುದಿಯಿಂದ ಕೆಳಕ್ಕೆ ಇಳಿಯುವ ಬಂಪ್ ಅಲೊಕೇಟರ್ (ಒಂದು ಗುರುತನ್ನು ಸರಿಸುತ್ತ ಜಾಗ ಕೊಡುವ, ವಾಪಸ್ ಪಡೆಯದ ಸರಳ ಹಂಚಿಕೆ) ಇದೆ. ಮೆಮೊರಿ ಮ್ಯಾಪ್‌ನಲ್ಲಿ ಬಳಸಬಹುದು ಎಂದಿರುವ ಶ್ರೇಣಿಗಳನ್ನೆಲ್ಲ ಕೂಡಿದ ಮೊತ್ತವನ್ನೇ ಮೇಲ್ತುದಿ ಎಂದು ಹಿಡಿದಿದ್ದೇನೆ.

ಈಗಿರುವ ತೊಂದರೆ ಎರಡು. ವಿಎಂಗೆ 2 ಜಿಬಿ ಕೊಟ್ಟರೆ ಬೂಟ್ ಆಗುತ್ತದೆ, 4 ಜಿಬಿ ಕೊಟ್ಟರೆ ಟ್ರಿಪಲ್ ಫಾಲ್ಟ್ (ಸಿಪಿಯು ರೀಸೆಟ್ ಆಗುವ ದೋಷ). ಇನಿಟ್‌ಆರ್‌ಡಿ ಚಿಕ್ಕದಿದ್ದಾಗ ಸರಿ, ದೊಡ್ಡದಾದರೆ ಒಳಗಿನ ಫೈಲ್‌ಗಳು ಕೆಟ್ಟಿರುತ್ತವೆ. ಅಲೊಕೇಟರನ್ನೇ ಬದಲಾಯಿಸಬೇಕೆ? ಕರ್ನಲ್‌ಗೆ ಕೊನೆಗೆ ಏನೇನು ಒಪ್ಪಿಸಬೇಕು? ಮುಂದೆ ಯುಇಎಫ್ಐ (ಹೊಸ ಬಗೆಯ ಫರ್ಮ್‌ವೇರ್) ಮತ್ತು ಆರ್ಮ್ ಸಿಪಿಯುಗೂ ಒಯ್ಯುವ ಯೋಚನೆ ಇದೆ. ತಿಳಿದವರು ಹೇಳಿ.

ಉತ್ತರ 1:

ಬಂಪ್ ಅಲೊಕೇಟರ್ ಇರಲಿ, ತಪ್ಪು ಅದರದ್ದಲ್ಲ. ಅದಕ್ಕೆ ಕೊಟ್ಟ ಲೆಕ್ಕ ತಪ್ಪು.

ವಿಎಂನ ರ‍್ಯಾಮ್ ಸೊನ್ನೆಯಿಂದ ತುದಿಯವರೆಗೆ ಒಂದೇ ಸಮನೆ ಹರಡಿಕೊಂಡಿರುವುದಿಲ್ಲ. 4 ಜಿಬಿ ವಿಳಾಸದ ಸ್ವಲ್ಪ ಕೆಳಗೆ ಪಿಸಿಐ ಸಾಧನಗಳು, ಎಪಿಕ್‌ಗಳು (ಇಂಟರಪ್ಟ್ ನಿಯಂತ್ರಕಗಳು), ಫರ್ಮ್‌ವೇರ್ ಕೂರುತ್ತವೆ, ಅವುಗಳಿಗಾಗಿ ಒಂದು ಕಿಂಡಿ ಬಿಟ್ಟಿರುತ್ತಾರೆ. ಕ್ಯೂಎಮುವಿನ ಕ್ಯೂ35 ಮಷಿನ್‌ನಲ್ಲಿ ಒಟ್ಟು ರ‍್ಯಾಮ್ 2816 ಎಂಬಿ ಮುಟ್ಟಿತೆಂದರೆ ಕೆಳಗೆ ಉಳಿಯುವುದು 2 ಜಿಬಿ ಮಾತ್ರ. ಮಿಕ್ಕಿದ್ದು 4 ಜಿಬಿ ವಿಳಾಸದ ಮೇಲೆ ಶುರುವಾಗುತ್ತದೆ. ಹಳೆಯ ಐ440ಎಫ್‌ಎಕ್ಸ್ ಮಷಿನ್‌ನಲ್ಲಿ 3.5 ಜಿಬಿ ಮುಟ್ಟಿದಾಗ ಕೆಳಗೆ 3 ಜಿಬಿ ಉಳಿಯುತ್ತದೆ. ನಿಮ್ಮ ಮೊತ್ತ 4 ಜಿಬಿಗೆ ಕೆಲವು ನೂರು ಕೆಬಿ ಕಡಿಮೆ ಬರುತ್ತದೆ. ಆ ವಿಳಾಸದಲ್ಲಿ ರ‍್ಯಾಮ್ ಇಲ್ಲವೇ ಇಲ್ಲ.

ಅಲ್ಲಿ ಬರೆದರೆ ಫಾಲ್ಟ್ ಆಗುವುದಿಲ್ಲ ಎಂಬುದೇ ಇದರ ಕಷ್ಟ. ಬರೆದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ. ಪೇಜಿಂಗ್ ಆನ್ ಮಾಡಿದ ಮರುಕ್ಷಣ ಸಿಪಿಯು ಆ ಟೇಬಲ್ ಓದಲು ಹೋಗಿ ಅರ್ಥವಿಲ್ಲದ್ದನ್ನು ನೋಡುತ್ತದೆ, ಪೇಜ್ ಫಾಲ್ಟ್ ಆಗುತ್ತದೆ, ಫಾಲ್ಟ್ ನಿಭಾಯಿಸುವ ಐಡಿಟಿ ಪಟ್ಟಿ ಇನ್ನೂ ಇಲ್ಲದ್ದರಿಂದ ಅದು ಡಬಲ್ ಆಗಿ ಟ್ರಿಪಲ್ ಆಗುತ್ತದೆ. 2 ಜಿಬಿಯಲ್ಲಿ ಬೂಟ್ ಆಗುತ್ತಿರುವುದೂ ಅದೃಷ್ಟದಿಂದಲೇ. 1 ಎಂಬಿಯ ಕೆಳಗಿನ ಕಿಂಡಿಯ 384 ಕೆಬಿ ಮೊತ್ತದಲ್ಲಿ ಸೇರಿಲ್ಲ, ಹಾಗಾಗಿ ನಿಮ್ಮ ಮೇಲ್ತುದಿ ಫರ್ಮ್‌ವೇರ್ ಇಟ್ಟ ಎಸಿಪಿಐ ಟೇಬಲ್‌ಗಳಿಗಿಂತ ತುಸು ಕೆಳಗೆ ಬಿದ್ದು ಬಚಾವಾಗಿದೆ. ಮೊತ್ತವನ್ನು ಯಾವತ್ತೂ ವಿಳಾಸ ಅಂದುಕೊಳ್ಳಬೇಡಿ. ಒಂದೊಂದು ಶ್ರೇಣಿಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡು, ಆರಂಭವನ್ನು ಪೇಜ್ ಗಡಿಗೆ ಮೇಲಕ್ಕೆ, ಅಂತ್ಯವನ್ನು ಕೆಳಕ್ಕೆ ಸರಿಹೊಂದಿಸಿ. ಪಟ್ಟಿ ವಿಳಾಸದ ಕ್ರಮದಲ್ಲೇ ಇರುತ್ತದೆ ಎಂದು ನಂಬಬೇಡಿ.

ಮಲ್ಟಿಬೂಟ್ 1ರ ಮ್ಯಾಪ್ ಓದುವಾಗ ಇನ್ನೊಂದು ಎಚ್ಚರಿಕೆ: ಪ್ರತಿ ನಮೂದಿನ ಮೊದಲಿರುವ ಸೈಜ್ ಫೀಲ್ಡ್ ತನ್ನ 4 ಬೈಟ್‌ಗಳನ್ನು ತಾನು ಎಣಿಸುವುದಿಲ್ಲ. ಮುಂದಿನ ನಮೂದಿಗೆ ಹೋಗಲು ಸೈಜ್‌ಗೆ 4 ಕೂಡಿಸಬೇಕು.

ಇನಿಟ್‌ಆರ್‌ಡಿ ಕೆಡುವ ಕಾರಣ ಇನ್ನೂ ನೇರ. ಕ್ಯೂಎಮು ಮಾಡ್ಯೂಲ್‌ಗಳನ್ನು ಲೋಡರ್‌ನ ಬೆನ್ನಿಗೇ ಜೋಡಿಸುತ್ತದೆ. ಲೋಡರ್ ಮತ್ತು ಮಲ್ಟಿಬೂಟ್ ಮಾಹಿತಿ ಸೇರಿ 192 ಕೆಬಿ, ಕರ್ನಲ್ ಫೈಲ್ 700 ಕೆಬಿ ಎಂದಿಟ್ಟುಕೊಳ್ಳಿ. ಕರ್ನಲ್ ಫೈಲ್ 1216 ಕೆಬಿಯಿಂದ 1916 ಕೆಬಿವರೆಗೆ, ಇನಿಟ್‌ಆರ್‌ಡಿ 1916 ಕೆಬಿಯಿಂದ ಮುಂದಕ್ಕೆ. ನೀವು ಕರ್ನಲನ್ನು ಇಳಿಸುವುದು 2048 ಕೆಬಿಗೆ. ಅಂದರೆ ಇನಿಟ್‌ಆರ್‌ಡಿಯ ಮೊದಲ 132 ಕೆಬಿ ಮಾತ್ರ ಕ್ಷೇಮ, ಅದರಾಚೆಗಿನದರ ಮೇಲೆ ಕರ್ನಲ್ ಬಿದ್ದಿದೆ. ನಿಮ್ಮ ಅಳತೆಗಳಲ್ಲಿ ಇದೇ ಲೆಕ್ಕ ಹಾಕಿ, ಕೆಡುವುದು ಎಲ್ಲಿಂದ ಶುರು ಎಂದು ನೋಡಿ. ಸರಿಯಾಗಿ ಆ ಗಡಿಯಲ್ಲೇ ಸಿಗಬೇಕು. ನಾಳೆ ಡೀಬಗ್ ಸಿಂಬಲ್ ಸೇರಿ ಕರ್ನಲ್ ಫೈಲ್ ದೊಡ್ಡದಾದರೆ ಅದು ತನ್ನನ್ನೇ ತಿನ್ನುತ್ತದೆ: ಮೊದಲ ಸೆಗ್ಮೆಂಟ್ ನಕಲಾಗುವಾಗ ಎರಡನೆಯದರ ಮೂಲ ಅಳಿಸಿಹೋಗುತ್ತದೆ. ಮೆಮ್‌ಮೂವ್ ಬಳಸಿದರೂ ಉಳಿಯದು, ಅದು ಒಂದು ಸೆಗ್ಮೆಂಟ್‌ನೊಳಗಿನ ಅತಿಕ್ರಮಣವನ್ನಷ್ಟೇ ನಿಭಾಯಿಸುತ್ತದೆ.

ಪರಿಹಾರ: ಯಾರಿಗೂ ಒಂದು ಪೇಜ್ ಕೂಡ ಕೊಡುವ ಮೊದಲು ರಿಸರ್ವ್ ಪಟ್ಟಿ ಸಿದ್ಧವಿರಲಿ. ಲೋಡರ್‌ನ ಆರಂಭದಿಂದ ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗುವ ಡೇಟಾ) ಅಂತ್ಯದವರೆಗೆ, ಸ್ಟ್ಯಾಕ್, ಮಲ್ಟಿಬೂಟ್ ಮಾಹಿತಿ, ಅದು ತೋರಿಸುವ ಕಮಾಂಡ್ ಲೈನ್, ಮಾಡ್ಯೂಲ್ ಪಟ್ಟಿ, ಮ್ಯಾಪ್, ಆಮೇಲೆ ಮಾಡ್ಯೂಲ್‌ಗಳು. ಕಮಾಂಡ್ ಲೈನನ್ನು ಮರೆಯುವವರೇ ಹೆಚ್ಚು. ಕರ್ನಲ್ ಹೈಯರ್ ಹಾಫ್‌ಗೆ (ವರ್ಚುವಲ್ ವಿಳಾಸಗಳ ಮೇಲಿನ ಅರ್ಧಕ್ಕೆ) ಲಿಂಕ್ ಆಗಿದ್ದರೆ ಭೌತಿಕ ವಿಳಾಸ 2 ಎಂಬಿಯೇ ಆಗಬೇಕಿಲ್ಲ. 2 ಎಂಬಿ ಗಡಿಗೆ ಹೊಂದುವ ಯಾವುದೇ ಖಾಲಿ ಜಾಗ ಹಿಡಿದು ಅಲ್ಲಿ ಇಳಿಸಿ, ಪೇಜ್ ಟೇಬಲ್‌ನಲ್ಲಿ ಮ್ಯಾಪ್ ಮಾಡಿ.

ಉತ್ತರ 2:

ಮೇಲಿನದಕ್ಕೆ ಪೂರಕವಾಗಿ ಅಲೊಕೇಟರ್ ಬಗ್ಗೆ ಹೇಳುತ್ತೇನೆ. ಬೂಟ್‌ಲೋಡರ್‌ಗೆ ಬಂಪ್ ಸಾಕು. ಬಡ್ಡಿ (buddy), ಸ್ಲ್ಯಾಬ್, ಬಿಟ್‌ಮ್ಯಾಪ್ ಬಗೆಯ ಅಲೊಕೇಟರ್‌ಗಳೆಲ್ಲ ಕರ್ನಲ್‌ನ ಕೆಲಸ. ಲೋಡರ್‌ನಲ್ಲಿ ಪೇಜ್ ವಾಪಸ್ ಪಡೆಯುವ ಸಂದರ್ಭವೇ ಬರುವುದಿಲ್ಲ, ಬಂದರೆ ವಿನ್ಯಾಸದಲ್ಲೇ ಏನೋ ಎಡವಟ್ಟಾಗಿದೆ.

ಬೇಕಾದ ಪೇಜ್‌ಗಳಾದರೂ ಎಷ್ಟು? ಮೊದಲ 4 ಜಿಬಿಯನ್ನು 2 ಎಂಬಿ ಪೇಜ್‌ಗಳಲ್ಲಿ ಐಡೆಂಟಿಟಿ ಮ್ಯಾಪ್ (ವರ್ಚುವಲ್ ವಿಳಾಸವೂ ಭೌತಿಕ ವಿಳಾಸವೂ ಒಂದೇ) ಮಾಡಲು, ಪೇಜ್ ಟೇಬಲ್‌ನ ಮೇಲಿನ ಹಂತದಿಂದ ಕೆಳಕ್ಕೆ, ಪಿಎಂಎಲ್4 ಒಂದು, ಪಿಡಿಪಿಟಿ ಒಂದು, ಪಿಡಿ ನಾಲ್ಕು. ಒಟ್ಟು 6 ಪೇಜ್, 24 ಕೆಬಿ. 16 ಎಂಬಿ ಕರ್ನಲನ್ನು ಹೈಯರ್ ಹಾಫ್‌ನಲ್ಲಿ 4 ಕೆಬಿ ಪೇಜ್‌ಗಳಲ್ಲಿ ಮ್ಯಾಪ್ ಮಾಡಲು 8 ಪಿಟಿ (ಕೊನೆಯ ಹಂತದ ಟೇಬಲ್), ಒಂದು ಪಿಡಿ, ಒಂದು ಪಿಡಿಪಿಟಿ. 2 ಎಂಬಿ ಗಡಿಗೆ ಹೊಂದದಿದ್ದರೆ ಇನ್ನೊಂದು ಪಿಟಿ. ಒಟ್ಟಾರೆ 100 ಕೆಬಿಯೂ ಆಗುವುದಿಲ್ಲ. ಇಷ್ಟಕ್ಕೆ ಲೋಡರ್‌ನ ಬಿಎಸ್‌ಎಸ್‌ನಲ್ಲೇ 128 ಕೆಬಿಯ ಅರೇ ಇಟ್ಟುಕೊಂಡರೆ ಅಲೊಕೇಟರ್‌ನ ಅರ್ಧ ಚಿಂತೆ ಕಳೆಯುತ್ತದೆ. 1 ಜಿಬಿ ಪೇಜ್‌ಗಳ ಆಸೆ ಇದ್ದರೆ ಸಿಪಿಯುಐಡಿ ನೋಡಿಯೇ ಬಳಸಿ, ಹೋಸ್ಟ್‌ನಲ್ಲಿ ಇದ್ದರೂ ವಿಎಂನ ಸಿಪಿಯು ಮಾಡೆಲ್ ಅದನ್ನು ತೋರಿಸದೆ ಇರಬಹುದು.

ಪಿಎಂಎಲ್4 ಮಾತ್ರ 4 ಜಿಬಿಯ ಕೆಳಗೇ ಇರಬೇಕು. 32 ಬಿಟ್ ಮೋಡ್‌ನಲ್ಲಿ ಸಿಆರ್3ಗೆ (ಪಿಎಂಎಲ್4ನ ವಿಳಾಸ ಹಿಡಿಯುವ ರಿಜಿಸ್ಟರ್‌ಗೆ) 32 ಬಿಟ್‌ಗಿಂತ ದೊಡ್ಡ ವಿಳಾಸ ಹಾಕಲು ಆಗುವುದಿಲ್ಲ.

ರಿಸರ್ವ್ ಪಟ್ಟಿ ತಪ್ಪಿಸುವ ಲೂಪ್ ಬರೆಯುವಾಗ ಒಂದು ಸೂಕ್ಷ್ಮ ಇದೆ. ಅಭ್ಯರ್ಥಿ ವಿಳಾಸ ಯಾವುದೋ ರಿಸರ್ವ್ ಶ್ರೇಣಿಗೆ ತಾಗಿದರೆ ಅದರ ಆರಂಭದ ಕೆಳಕ್ಕೆ ಜಿಗಿದು, ಮತ್ತೆ ಅಲೈನ್ ಮಾಡಿ, ಪಟ್ಟಿಯನ್ನು ಮೊದಲಿನಿಂದ ಪರೀಕ್ಷಿಸಿ. ಮುಂದಿನ ಶ್ರೇಣಿಯಿಂದ ಮುಂದುವರಿಸಿದರೆ, ಪಟ್ಟಿ ಕ್ರಮದಲ್ಲಿ ಇಲ್ಲದಾಗ ಈಗಾಗಲೇ ದಾಟಿದ ಶ್ರೇಣಿಯೊಳಗೇ ಹೋಗಿ ಬೀಳುತ್ತೀರಿ. ವಿಳಾಸಕ್ಕೆ ಅಳತೆ ಕೂಡಿಸುವಾಗ ಓವರ್‌ಫ್ಲೋ ಪರೀಕ್ಷೆಯೂ ಇರಲಿ, 32 ಬಿಟ್ ಲೋಡರ್‌ನಲ್ಲಿ ಅದು ನಿಜಕ್ಕೂ ಆಗುತ್ತದೆ.

1 ಎಂಬಿಯ ಕೆಳಗಿನ ಜಾಗವನ್ನು ಲೋಡರ್ ಮುಟ್ಟದಿರುವುದು ಮೇಲು. ಬೇರೆ ಸಿಪಿಯುಗಳನ್ನು ಎಬ್ಬಿಸುವ ಸೈಪಿ (SIPI) ಸಂಕೇತದ ವೆಕ್ಟರ್ 8 ಬಿಟ್‌ನದ್ದು, 4 ಕೆಬಿ ಪೇಜ್ ಸಂಖ್ಯೆಯಾಗಿ ಓದಲ್ಪಡುತ್ತದೆ. ಹಾಗಾಗಿ ಟ್ರ್ಯಾಂಪೊಲಿನ್‌ಗೆ (ಆ ಸಿಪಿಯುಗಳು ಮೊದಲು ಓಡಿಸುವ ಕೋಡ್‌ಗೆ) 1 ಎಂಬಿಯೊಳಗೇ ಒಂದು ಪೇಜ್ ಬೇಕು. ಲೋಡರ್ ಅದನ್ನೆಲ್ಲ ಬಳಸಿಬಿಟ್ಟರೆ ಕರ್ನಲ್ ಒಂದೇ ಸಿಪಿಯುನಲ್ಲಿ ನಿಲ್ಲುತ್ತದೆ.

ಉತ್ತರ 3:

ಸೊನ್ನೆ ತುಂಬುವ ವಿಷಯ ಯಾರೂ ಎತ್ತಲಿಲ್ಲ. ಇಎಲ್‌ಎಫ್ ಸೆಗ್ಮೆಂಟ್‌ನಲ್ಲಿ ಫೈಲ್ ಸೈಜ್‌ಗಿಂತ ಮೆಮ್ ಸೈಜ್ ಹೆಚ್ಚಿದ್ದರೆ ಆ ವ್ಯತ್ಯಾಸವೇ ಬಿಎಸ್‌ಎಸ್. ಜಾಗ ಹಿಡಿಯುವಾಗ ಮೆಮ್ ಸೈಜ್ ಲೆಕ್ಕ, ನಕಲು ಮಾಡುವಾಗ ಫೈಲ್ ಸೈಜ್ ಲೆಕ್ಕ, ಉಳಿದದ್ದಕ್ಕೆ ಸೊನ್ನೆ. ಹೊಸದಾಗಿ ಎದ್ದ ವಿಎಂನ ರ‍್ಯಾಮ್ ಸಾಮಾನ್ಯವಾಗಿ ಸೊನ್ನೆಯಾಗಿಯೇ ಇರುತ್ತದೆ, ಹೋಸ್ಟ್ ಕೊಡುವ ಪೇಜ್‌ಗಳೇ ಹಾಗೆ. ಆದ್ದರಿಂದ ಸೊನ್ನೆ ತುಂಬದ ಲೋಡರ್ ಕೂಡ ಮೊದಲ ಬೂಟ್‌ನಲ್ಲಿ ಪಾಸಾಗುತ್ತದೆ. ವಿಎಂ ಒಳಗಿನಿಂದ ರೀಬೂಟ್ ಮಾಡಿ ನೋಡಿ: ಕ್ಯೂಎಮುವಿನ ರೀಸೆಟ್ ರ‍್ಯಾಮ್ ಅಳಿಸುವುದಿಲ್ಲ, ಹಳೆಯ ಕರ್ನಲ್‌ನ ಡೇಟಾ ಹೊಸ ಬಿಎಸ್‌ಎಸ್‌ನಲ್ಲಿ ಕೂತಿರುತ್ತದೆ. "ಮೊದಲ ಸಲ ಸರಿ, ರೀಬೂಟ್‌ನಲ್ಲಿ ಮಾತ್ರ ಸಾಯುತ್ತದೆ" ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಪೇಜ್ ಟೇಬಲ್‌ಗೆ ಕೊಡುವ ಪೇಜ್‌ಗಳಿಗೂ ಕೊಡುವಾಗಲೇ ಸೊನ್ನೆ ತುಂಬಿ.

ಹಾಗೆಂದು ಸುರಕ್ಷತೆಗಾಗಿ ಇಡೀ ರ‍್ಯಾಮ್‌ಗೆ ಸೊನ್ನೆ ತುಂಬಬೇಡಿ. ಹೋಸ್ಟ್ ಪೇಜ್ ಕೊಡುವುದು ಮುಟ್ಟಿದಾಗ ಮಾತ್ರ. 4 ಜಿಬಿ ಪೂರ್ತಿ ಮುಟ್ಟಿದರೆ 4 ಕೆಬಿ ಲೆಕ್ಕದಲ್ಲಿ 10,48,576 ಪೇಜ್‌ಗಳು ಹೋಸ್ಟ್‌ನಲ್ಲಿ ನಿಜವಾಗಿ ಖರ್ಚಾಗುತ್ತವೆ. ಬೂಟ್ ನಿಧಾನವಾಗುವುದಲ್ಲದೆ ಒಂದೇ ಹೋಸ್ಟ್‌ನಲ್ಲಿ ಹತ್ತಾರು ವಿಎಂ ಇಡುವ ಉದ್ದೇಶವೇ ಕೆಡುತ್ತದೆ.

ಪರೀಕ್ಷೆಗೆ: 128 ಎಂಬಿ, 2 ಜಿಬಿ, 3 ಜಿಬಿ, 4 ಜಿಬಿ, 6 ಜಿಬಿ, ಎರಡೂ ಮಷಿನ್ ಮಾದರಿ, ಪ್ರತಿಯೊಂದರಲ್ಲೂ ಒಂದು ರೀಬೂಟ್. ಕ್ಯೂಎಮು ಮಾನಿಟರ್‌ನಲ್ಲಿ "ಇನ್ಫೊ ಎಂ-ಟ್ರೀ" (info mtree) ಕೊಟ್ಟರೆ ಯಾವ ವಿಳಾಸದಲ್ಲಿ ರ‍್ಯಾಮ್ ಇದೆ, ಎಲ್ಲಿ ಕಿಂಡಿ ಇದೆ ಎಂದು ಕಾಣುತ್ತದೆ; "ಇನ್ಫೊ ಟಿಎಲ್‌ಬಿ" ನಿಮ್ಮ ಪೇಜ್ ಟೇಬಲನ್ನು ಸಿಪಿಯು ಹೇಗೆ ಓದುತ್ತಿದೆ ಎಂದು ತೋರಿಸುತ್ತದೆ. ರೀಬೂಟ್ ಆಗದಂತೆ ತಡೆಯುವ ಆಯ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಟ್ರಿಪಲ್ ಫಾಲ್ಟ್ ಆದ ಕೂಡಲೇ ಸಾಕ್ಷ್ಯವೆಲ್ಲ ಹೋಗುತ್ತದೆ.

ಕೇಳಿದವರು:

ಬಹಳ ಉಪಕಾರ. 132 ಕೆಬಿಯ ಲೆಕ್ಕ ನನ್ನ ಅಳತೆಗಳಿಗೂ ಸರಿಯಾಗಿ ಹೊಂದಿತು. ಒಂದು ಸಂಶಯ: ಲೋಡರ್ ಕೊಟ್ಟ ಪೇಜ್‌ಗಳನ್ನು ಕರ್ನಲ್ ಯಾವಾಗ ವಾಪಸ್ ತೆಗೆದುಕೊಳ್ಳಬಹುದು? ಇದೇ ಲೋಡರ್‌ನಿಂದ ಲಿನಕ್ಸ್ ಕರ್ನಲ್ ಬೂಟ್ ಮಾಡಬಹುದೆ?

ಉತ್ತರ 2ರವರು ಮತ್ತೆ:

ಮೆಮೊರಿ ಮ್ಯಾಪನ್ನು ಕರ್ನಲ್‌ಗೆ ಹಾಗೇ ದಾಟಿಸಿದರೆ ನಿಮ್ಮ ಪೇಜ್ ಟೇಬಲ್ ಇರುವ ಜಾಗವೂ ಕರ್ನಲ್‌ಗೆ ಖಾಲಿ ಎಂದೇ ಕಾಣುತ್ತದೆ. ಮೊದಲ ಅಲೊಕೇಶನ್‌ನಲ್ಲೇ ಸಿಆರ್3 ತೋರಿಸುವ ಪೇಜ್ ಅಳಿಸಿಹೋಗಬಹುದು. ಅದಕ್ಕೆ ಪ್ರತಿ ಅಲೊಕೇಶನ್‌ಗೂ ಒಂದು ಗುರುತು ಇಡಿ: ಕರ್ನಲ್ ಇಮೇಜ್, ಇನಿಟ್‌ಆರ್‌ಡಿ, ಪೇಜ್ ಟೇಬಲ್, ಬೂಟ್ ಮಾಹಿತಿ, ಲೋಡರ್. ಗುರುತು ಸಮೇತ ಪಟ್ಟಿ ಒಪ್ಪಿಸಿ. ಕರ್ನಲ್ ತನ್ನದೇ ಟೇಬಲ್‌ಗೆ ಬದಲಾದ ಮೇಲೆ ಪೇಜ್ ಟೇಬಲ್ ಗುರುತಿನವು, ತನ್ನ ಜಿಡಿಟಿ (ಸೆಗ್ಮೆಂಟ್ ಪಟ್ಟಿ) ಮತ್ತು ಸ್ಟ್ಯಾಕ್ ಬಂದ ಮೇಲೆ ಲೋಡರ್ ಗುರುತಿನವು, ಮಾಹಿತಿಯನ್ನು ನಕಲು ಮಾಡಿಕೊಂಡ ಮೇಲೆ ಬೂಟ್ ಮಾಹಿತಿಯವು ಬಿಡುಗಡೆ. ಈ ಪಟ್ಟಿಯನ್ನು ಎಲ್ಲ ಅಲೊಕೇಶನ್ ಮುಗಿದ ಮೇಲೇ ಬರೆಯಿರಿ. ಪಟ್ಟಿಗೇ ಬೇಕಾದ ಪೇಜನ್ನು ಮೊದಲೇ ಹಿಡಿದಿಟ್ಟುಕೊಳ್ಳಿ, ಆಗ ಅದೂ ಪಟ್ಟಿಯಲ್ಲಿ ಇರುತ್ತದೆ.

ಉತ್ತರ 4:

ಲಿನಕ್ಸ್ ಬಗ್ಗೆ. ಎಲ್ಲರೂ ಬೀಳುವ ಹಳ್ಳ ಒಂದೇ: ಕರ್ನಲ್ ಫೈಲ್ ಎಷ್ಟು ದೊಡ್ಡದೋ ಅಷ್ಟೇ ಜಾಗ ಹಿಡಿಯುವುದು. ಲಿನಕ್ಸ್ ಕರ್ನಲ್ ಇರುವ ಬಿಜಡ್‌ಇಮೇಜ್ (bzImage) ಕುಗ್ಗಿಸಿದ ಫೈಲ್, ಬಿಚ್ಚಿಕೊಂಡಾಗ ಪಕ್ಕದ ಇನಿಟ್‌ಆರ್‌ಡಿಯನ್ನು ನುಂಗುತ್ತದೆ. ಸೆಟಪ್ ಹೆಡರ್‌ನಲ್ಲಿ ಹೆಕ್ಸ್ 260ರಲ್ಲಿರುವ ಇನಿಟ್ ಸೈಜ್ ಓದಿ, ಅಷ್ಟೂ ಜಾಗವನ್ನು ಒಂದೇ ತುಂಡಾಗಿ ಹಿಡಿಯಿರಿ. ಹೆಕ್ಸ್ 230ರಲ್ಲಿ ಅಲೈನ್‌ಮೆಂಟ್, 258ರಲ್ಲಿ ಕರ್ನಲ್ ಬಯಸುವ ವಿಳಾಸ, 238ರಲ್ಲಿ ಕಮಾಂಡ್ ಲೈನ್‌ನ ಗರಿಷ್ಠ ಉದ್ದ ಇದೆ. ಕರ್ನಲ್‌ಗೆ ಬೂಟ್ ಮಾಹಿತಿ ಒಪ್ಪಿಸುವ ಜೀರೊ ಪೇಜ್ 4096 ಬೈಟ್. ಅದನ್ನು ಪೂರ್ತಿ ಸೊನ್ನೆ ಮಾಡಿ ಆಮೇಲೆ ಹೆಡರ್ ನಕಲು ಮಾಡಿ. ಅದರಲ್ಲಿ ಇ820 (ಮೆಮೊರಿ ಮ್ಯಾಪ್) ನಮೂದುಗಳಿಗೆ 128ರ ಮಿತಿ, ಒಂದೊಂದೂ 20 ಬೈಟ್. 64 ಬಿಟ್ ಪ್ರವೇಶ ಬಿಂದು ಲೋಡ್ ವಿಳಾಸಕ್ಕೆ ಹೆಕ್ಸ್ 200 ಕೂಡಿಸಿದಲ್ಲಿ. ಆ ಹೊತ್ತಿಗೆ ಕರ್ನಲ್, ಜೀರೊ ಪೇಜ್, ಕಮಾಂಡ್ ಲೈನ್ ಮೂರೂ ಐಡೆಂಟಿಟಿ ಮ್ಯಾಪ್‌ನಲ್ಲಿರಬೇಕು.

ಉತ್ತರ 5:

ಯುಇಎಫ್ಐಗೆ ಹೋದಾಗ ಜಾಗ ಹುಡುಕುವ ಕೆಲಸ ಫರ್ಮ್‌ವೇರ್‌ನದ್ದು, ಅಲೊಕೇಟ್ ಪೇಜಸ್ ಕರೆದರೆ ಸಾಕು. ತೊಡಕು ಇರುವುದು ಫರ್ಮ್‌ವೇರನ್ನು ಬಿಟ್ಟುಹೋಗುವ ಹಂತದಲ್ಲಿ. ಎಕ್ಸಿಟ್ ಬೂಟ್ ಸರ್ವಿಸಸ್‌ಗೆ ಕೊಡುವ ಮ್ಯಾಪ್ ಕೀ (ಮೆಮೊರಿ ಮ್ಯಾಪ್‌ನ ಆವೃತ್ತಿಯ ಗುರುತು) ತಾಜಾ ಇರಬೇಕು, ನಡುವೆ ಒಂದೇ ಒಂದು ಅಲೊಕೇಶನ್ ಆದರೂ ಕೀ ಹಳಸಲು. ಮ್ಯಾಪ್ ಇಡಲು ಬಫರ್ ಅಲೊಕೇಟ್ ಮಾಡುವುದರಿಂದಲೇ ಮ್ಯಾಪ್ ಬೆಳೆಯುತ್ತದೆ, ಹಾಗಾಗಿ ಮೊದಲು ಅಳತೆ ಕೇಳಿ, ಅದಕ್ಕೆ ಎಂಟು ಹತ್ತು ನಮೂದುಗಳಷ್ಟು ಹೆಚ್ಚಿಗೆ ಸೇರಿಸಿ ಬಫರ್ ಹಿಡಿಯಿರಿ. ಮ್ಯಾಪ್ ಪಡೆದ ಮೇಲೆ ಪರದೆಗೆ ಒಂದು ಸಾಲೂ ಮುದ್ರಿಸಬೇಡಿ, ಅದರೊಳಗೂ ಅಲೊಕೇಶನ್ ಆಗಬಹುದು. ಮೊದಲ ಕರೆ ವಿಫಲವಾದರೆ ಅದೇ ಬಫರ್‌ನಲ್ಲಿ ಮ್ಯಾಪ್ ಮತ್ತೆ ಪಡೆದು ಮತ್ತೆ ಕರೆಯಿರಿ.

ಮ್ಯಾಪ್‌ನಲ್ಲಿ ಮುಂದಕ್ಕೆ ಹೆಜ್ಜೆ ಇಡುವಾಗ ಫರ್ಮ್‌ವೇರ್ ಹೇಳಿದ ಡಿಸ್ಕ್ರಿಪ್ಟರ್ ಸೈಜನ್ನೇ ಬಳಸಿ. ಸ್ಟ್ರಕ್ಟ್ 40 ಬೈಟ್ ಇದ್ದರೂ ವಿಎಂಗಳ ಯುಇಎಫ್ಐ ಫರ್ಮ್‌ವೇರ್ ಆದ ಒವಿಎಂಎಫ್ 48 ಎನ್ನುತ್ತದೆ. ಗೌಪ್ಯ ವಿಎಂಗಳಲ್ಲಿ (ಹೋಸ್ಟ್‌ನಿಂದಲೂ ಮೆಮೊರಿ ಮರೆಮಾಡುವಂಥವು) ಟೈಪ್ 15 ಕಂಡರೆ ಅದು ಇನ್ನೂ ಒಪ್ಪಿಕೊಳ್ಳದ ಮೆಮೊರಿ. ಅಕ್ಸೆಪ್ಟ್ ಮಾಡದೆ ಮುಟ್ಟಬಾರದು, ಖಾಲಿ ಎಂದು ಎಣಿಸಲೂಬಾರದು.

ಉತ್ತರ 6:

ಆರ್ಮ್64ಗೆ ಚಿಕ್ಕದಾಗಿ. ಕ್ಯೂಎಮುವಿನ ವರ್ಟ್ ಮಷಿನ್‌ನಲ್ಲಿ ರ‍್ಯಾಮ್ ಶುರುವಾಗುವುದು 1 ಜಿಬಿ ವಿಳಾಸದಲ್ಲಿ, ಸೊನ್ನೆಯಲ್ಲಲ್ಲ. ಲಿನಕ್ಸ್ ಇಮೇಜ್‌ಗೆ 2 ಎಂಬಿ ಗಡಿಯ ಆಧಾರ ವಿಳಾಸ ಬೇಕು, ಅದಕ್ಕೆ ಹೆಡರ್‌ನ ಟೆಕ್ಸ್ಟ್ ಆಫ್‌ಸೆಟ್ ಕೂಡಿಸಿ. ಹಿಡಿಯಬೇಕಾದ ಜಾಗ ಹೆಡರ್‌ನ ಇಮೇಜ್ ಸೈಜ್‌ನಷ್ಟು. ಡಿವೈಸ್ ಟ್ರೀ (ಮಷಿನ್‌ನ ಹಾರ್ಡ್‌ವೇರ್ ವಿವರ) 8 ಬೈಟ್ ಗಡಿಯಲ್ಲಿ, 2 ಎಂಬಿ ಮೀರದಂತೆ ಇರಲಿ. ಮೆಮೊರಿ ಎಲ್ಲಿದೆ ಎಂದು ತಿಳಿಯುವುದೂ ಅದರಿಂದಲೇ: ಮೆಮೊರಿ ನೋಡ್ ಓದಿ, ಜೊತೆಗೆ ರಿಸರ್ವ್ಡ್ ಮೆಮೊರಿ ನೋಡ್‌ನಲ್ಲಿರುವುದನ್ನೂ ಡಿವೈಸ್ ಟ್ರೀಯ ಜಾಗವನ್ನೂ ನಿಮ್ಮ ರಿಸರ್ವ್ ಪಟ್ಟಿಗೆ ಸೇರಿಸಿ. ಎಂಎಂಯು (ವಿಳಾಸ ಅನುವಾದಿಸುವ ಘಟಕ) ಆನ್ ಇಟ್ಟುಕೊಂಡು ನಕಲು ಮಾಡಿದ್ದರೆ, ಜಿಗಿಯುವ ಮುನ್ನ ಕರ್ನಲ್ ಇರುವ ಶ್ರೇಣಿಯ ಡೇಟಾ ಕ್ಯಾಶ್ ಕ್ಲೀನ್ ಮಾಡಿ, ಎಂಎಂಯು ಆಫ್ ಮಾಡಿ. ಕರ್ನಲ್ ಪ್ರವೇಶಿಸುವಾಗ ಅದು ಆಫ್ ಇರಲೇಬೇಕು.