1972ರ ಶೆವರ್ಲೆ ಸಿ10: ಮುಂದೆ ಎಷ್ಟು ಇಂಚು ಇಳಿಸಲಿ?

ಹಳೇಗಾಡಿ72
ನಮಸ್ಕಾರ. ಹ್ಯೂಸ್ಟನ್‌ನಲ್ಲಿದ್ದೇನೆ. 1972ರ ಸಿ10 ಪಿಕಪ್ ಒಂದನ್ನು ಮನೆ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟುತ್ತಿದ್ದೇನೆ. ಮುಂದಿನ ಸಸ್ಪೆನ್ಷನ್ ಪೂರ್ತಿ ಕಳಚಿದ್ದೇನೆ, ಕೀಲುಗಳ ರಬ್ಬರ್ ಬುಷ್, ಬಾಲ್ ಜಾಯಿಂಟ್ ಎಲ್ಲ ಹೊಸದು. ಹಳೇ 350 ಕ್ಯೂಬಿಕ್ ಇಂಚಿನ ಎಂಜಿನ್ ತೆಗೆದು ಅಲ್ಯೂಮಿನಿಯಂ ಹೆಡ್ ಇರುವ 5.3 ಲೀಟರ್ ಎಂಜಿನ್ ಕೂರಿಸುತ್ತೇನೆ. ಗಾಡಿ ತಗ್ಗಾಗಿ ಕಾಣಬೇಕು, ಆದರೆ ಮಗಳನ್ನು ದಿನಾ ಸ್ಕೂಲಿಗೆ ಬಿಡುವುದೂ ಇದರಲ್ಲೇ. ಗಾಡಿಯನ್ನು 2.5 ಇಂಚು ಇಳಿಸುವ ಡ್ರಾಪ್ ಸ್ಪಿಂಡಲ್ (ಮುಂಚಕ್ರ ಕೂರುವ ಭಾಗ) ಒಂದೇ ಸಾಕಾ, ಜೊತೆಗೆ 2 ಇಂಚು ಗಿಡ್ಡ ಸ್ಪ್ರಿಂಗೂ ಬೇಕಾ? ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸು ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ.

ಗ್ರೀಸ್‌ಕೈ
ಸ್ಪಿಂಡಲ್ ಮಾತ್ರ ಹಾಕಿ ಸಾರ್. ಅದರಲ್ಲಿ ಚಕ್ರ ಕೂರುವ ಜಾಗವನ್ನೇ ಮೇಲಕ್ಕೆ ಸರಿಸಿರುತ್ತಾರೆ. ಹಾಗಾಗಿ ಗಾಡಿ ಇಳಿದರೂ ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್ ಮೊದಲಿನ ಹಾಗೇ ಇರುತ್ತದೆ, ಸ್ಪ್ರಿಂಗಿಗೆ ಆಡಲು ಜಾಗವೂ ಕಮ್ಮಿಯಾಗುವುದಿಲ್ಲ. ಗಿಡ್ಡ ಸ್ಪ್ರಿಂಗ್ ಹಾಗಲ್ಲ. ಇಳಿದಷ್ಟೂ ಆರ್ಮು ಬಂಪ್ ಸ್ಟಾಪಿಗೆ (ಅದನ್ನು ತಡೆಯುವ ರಬ್ಬರ್ ತುಂಡಿಗೆ) ಹತ್ತಿರ ಹೋಗುತ್ತದೆ. ನಾನು ಎರಡೂ ಹಾಕಿ 4 ಇಂಚಿಗಿಂತ ಜಾಸ್ತಿ ಇಳಿಸಿದ್ದೆ. ಸೇತುವೆ ಜಾಯಿಂಟ್ ದಾಟಿದಾಗೆಲ್ಲ ಕೆಳಗಿಂದ ಧಡ್ ಅಂತ ಏಟು, ಸೀಟಿನ ಮೂಲಕ ಬೆನ್ನಿಗೆ ಬಡಿಯುತ್ತಿತ್ತು. ಅಲೈನ್‌ಮೆಂಟ್ ಮಾಡಿಸಲು ಹೋದರೆ ಎಷ್ಟು ಶಿಮ್ (ತೆಳು ತಗಡು) ಹಾಕಿದರೂ ಕ್ಯಾಂಬರ್, ಅಂದರೆ ಚಕ್ರದ ಒಳ-ಹೊರ ವಾಲು, ಸರಿಬರಲಿಲ್ಲ, ಎರಡು ಟೈರಿನ ಒಳಅಂಚು ಸವೆದುಹೋಯಿತು. ಕೊನೆಗೆ ಸ್ಪ್ರಿಂಗ್ ವಾಪಸ್ ಬದಲಾಯಿಸಿದೆ. ಕೊಳ್ಳುವಾಗ ಡಿಸ್ಕ್ ಬ್ರೇಕಿನ ಸ್ಪಿಂಡಲ್ ತಾನೇ ಅಂತ ಕೇಳಿ. 1970ರವರೆಗಿನ ಗಾಡಿಗೆ ಡ್ರಮ್ ಇತ್ತು, ನಿಮ್ಮದಕ್ಕೆ ಡಿಸ್ಕ್.

ಅಳತೆಪಟ್ಟಿ
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಅಳೆಯಿರಿ. ನಾನು ಫೆಂಡರಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಎಂಜಿನ್, ಬಾನೆಟ್, ರೇಡಿಯೇಟರ್ ಎಲ್ಲ ಕೂತ ಮೇಲೆ, ಮುಂಭಾಗವನ್ನು ಒತ್ತಿ ಕುಲುಕಿ, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ಆಮೇಲೆ ನೋಡಿ. ನಿಮ್ಮ ಹೊಸ ಎಂಜಿನ್ ಹಗುರ, ಅದಕ್ಕೇ ಹಳೇ ಸ್ಪ್ರಿಂಗ್ ಮೇಲೆ ಮೂತಿ ಸ್ವಲ್ಪ ಎತ್ತಿ ನಿಲ್ಲಬಹುದು. ಗಾಡಿ ಖಾಲಿ ಚಾಸಿ ಇರುವಾಗಲೇ ಸ್ಪ್ರಿಂಗ್ ತೀರ್ಮಾನ ಮಾಡಿದರೆ ಎರಡು ಸಲ ಕೆಲಸ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಬಿಗಿ ಮಾಡಿ, ಜ್ಯಾಕ್ ಮೇಲಿರುವಾಗ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಗ್ರೀಸ್‌ಕೈ
ಸ್ಪ್ರಿಂಗ್ ಕತ್ತರಿಸುವ ವಿಷಯ ಮರೆತಿದ್ದೆ. ಕತ್ತರಿಸಿದರೆ ಗಡುಸಾಗುತ್ತದೆ, ಗ್ಯಾಸ್ ಟಾರ್ಚಿನಿಂದ ಬಿಸಿ ಮಾಡಿದರೆ ಉಕ್ಕಿನ ಹದವೇ ಕೆಡುತ್ತದೆ. ದಯವಿಟ್ಟು ಬೇಡ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಕೈಕಾಲು ಉಳಿಯುವುದಿಲ್ಲ, ಬಿಚ್ಚುವಾಗ ಹಾಕುವಾಗ ಅದಕ್ಕೆ ಸರಪಳಿ ಕಟ್ಟಿ.

ಹಳೇಗಾಡಿ72
ತುಂಬಾ ಥ್ಯಾಂಕ್ಸ್. ಸ್ಪಿಂಡಲ್ ಮಾತ್ರ ತರಿಸುತ್ತೇನೆ, ಸ್ಪ್ರಿಂಗ್ ಹಳೆಯದೇ ಇರಲಿ, ಎಂಜಿನ್ ಕೂತ ಮೇಲೆ ನೋಡೋಣ. ಹಿಂದೆ ಎಷ್ಟು ಇಳಿಸಲಿ?

ಅಳತೆಪಟ್ಟಿ
ಈ ಗಾಡಿ ಹಿಂದೆ ಎತ್ತರವಾಗೇ ಬರುತ್ತದೆ, ಅದಕ್ಕೆ 4 ಇಂಚು ಇಳಿಸಿದರೆ ಸುಮಾರು ಸಮ ಆಗುತ್ತದೆ. ಆಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ ನೋಡಿ, ಆಕ್ಸಲನ್ನು ನಡುವೆ ಹಿಡಿದಿಡುವ ಪ್ಯಾನ್‌ಹಾರ್ಡ್ ಬಾರ್, ಉದ್ದ ಅಡ್ಜಸ್ಟ್ ಆಗುವಂಥದ್ದು, ಜೊತೆಯಲ್ಲೇ ತರಿಸಿ.