ಅಂಗೈಯ ಗಂಟಿಗೆ ರೇಡಿಯೇಷನ್: ಅಡ್ಡ ಪರಿಣಾಮಗಳ ಬಗ್ಗೆ ಅನುಭವ ಇರುವವರು ತಿಳಿಸುವಿರಾ?

ಪ್ರಶ್ನೆ: ನನಗೆ 54 ವರ್ಷ. ಬಲ ಅಂಗೈಯಲ್ಲಿ ಉಂಗುರ ಬೆರಳಿನ ಬುಡದ ಹತ್ತಿರ ಗಟ್ಟಿಯಾದ ಗಂಟೊಂದು ಮೂಡಿ ಎರಡು ವರ್ಷವಾಗುತ್ತಾ ಬಂತು. ಇದು ಡುಪ್ಯುಟ್ರನ್ ಕಾಯಿಲೆ, ಅಂದರೆ ಅಂಗೈಯ ಚರ್ಮದ ಅಡಿಯ ಪದರ ದಪ್ಪವಾಗಿ ಗಂಟುಕಟ್ಟುವ ಕಾಯಿಲೆ, ಎಂದು ವೈದ್ಯರು ಹೇಳಿದ್ದಾರೆ. ಬೆರಳನ್ನು ಇನ್ನೂ ಪೂರ್ತಿಯಾಗಿ ಚಾಚಬಲ್ಲೆ. ಈ ಹಂತದಲ್ಲಿಯೇ ರೇಡಿಯೇಷನ್ ಕೊಡಿಸಿದರೆ ಮುಂದೆ ಬೆರಳು ಮಡಚಿಕೊಳ್ಳುವುದನ್ನು ತಡೆಯಬಹುದು ಎಂಬ ಸಲಹೆ ಬಂದಿದೆ. ಅಡ್ಡ ಪರಿಣಾಮಗಳು ಎಷ್ಟು, ಎಷ್ಟು ದಿನ ಇರುತ್ತವೆ, ಕ್ಯಾನ್ಸರ್ ಬರುವ ಭಯವಿದೆಯೇ? ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಮಸ್ಕಾರ. ಆರು ವರ್ಷದ ಹಿಂದೆ ನಾನೂ ನಿಮ್ಮ ಸ್ಥಿತಿಯಲ್ಲಿಯೇ ಇದ್ದೆ. ಆಗ ನನಗೆ 57. ಎರಡೂ ಅಂಗೈಗಳಲ್ಲಿ ಗಂಟುಗಳಿದ್ದವು. ಬೆಳೆಯುತ್ತಿದ್ದ ಎಡಗೈಯ ಗಂಟಿಗೆ ರೇಡಿಯೇಷನ್ ಕೊಡಿಸಿದೆ, ಬಲಗೈಯ ಚಿಕ್ಕ ಗಂಟನ್ನು ಹಾಗೆಯೇ ಬಿಟ್ಟೆ. ಆದ್ದರಿಂದ ಎರಡು ಕೈಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ ಹೇಳುವ ಅವಕಾಶ ನನಗಿದೆ.

ನನಗೆ ಕೊಟ್ಟದ್ದು ಒಟ್ಟು 30 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ). ದಿನಕ್ಕೆ 3 ಗ್ರೇಯಂತೆ ಐದು ದಿನ, ಹನ್ನೆರಡು ವಾರ ಬಿಟ್ಟು ಮತ್ತೆ ಐದು ದಿನ. ಎರಡು ವಾರಗಳಲ್ಲಿ ಏಳು ಸಲ ಕೊಟ್ಟು 21 ಗ್ರೇಗೆ ಮುಗಿಸುವ ಕ್ರಮವೂ ಇದೆ. ಮೊದಲ ದಿನ ಗಂಟನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಅದರ ಅಂಚಿನಿಂದ ಸ್ವಲ್ಪ ಹೊರಗೆ ಪೆನ್ನಿನಿಂದ ಗೆರೆ ಎಳೆದರು. ಆ ಆಕಾರಕ್ಕೆ ಕಿಂಡಿ ಕೊರೆದ ಸೀಸದ ಹಾಳೆಯನ್ನು ಅಂಗೈಯ ಮೇಲಿಟ್ಟು ಉಳಿದ ಭಾಗವನ್ನೆಲ್ಲ ಮುಚ್ಚಿದರು. ಯಂತ್ರ ನಡೆದದ್ದು ಕೆಲವೇ ನಿಮಿಷ. ನೋವಾಗಲಿ ಬಿಸಿಯಾಗಲಿ ತಿಳಿಯಲಿಲ್ಲ. ಆ ಗೆರೆ ಎಳೆಯುವ ಹೊತ್ತಿನಲ್ಲಿ ನಿಮಗೆ ಗೊತ್ತಿರುವ ಪ್ರತಿಯೊಂದು ಗಂಟನ್ನೂ ನೀವೇ ಮುಟ್ಟಿ ತೋರಿಸಿ, ಏಕೆಂದರೆ ಗೆರೆಯ ಹೊರಗೆ ಉಳಿದದ್ದಕ್ಕೆ ಚಿಕಿತ್ಸೆ ಸಿಗುವುದಿಲ್ಲ.

ಅಡ್ಡ ಪರಿಣಾಮ ಶುರುವಾದದ್ದು ಮನೆಗೆ ಬಂದ ಮೇಲೆ. ಎರಡನೆಯ ಸುತ್ತು ಮುಗಿದ ವಾರದಲ್ಲಿ ಅಂಗೈ ಬಿಸಿಲಿಗೆ ಸುಟ್ಟಂತೆ ಕೆಂಪಾಯಿತು, ಸ್ವಲ್ಪ ಊದಿತು, ಬಾಗಿಲ ಹಿಡಿಕೆ ತಿರುಗಿಸುವಾಗ ಗಂಟು ನೋಯುತ್ತಿತ್ತು. ಇದೆಲ್ಲ ಸುಮಾರು ಒಂದು ತಿಂಗಳಲ್ಲಿ ಇಳಿಯಿತು. ಇಳಿಯದೆ ಉಳಿದದ್ದು ಒಣಗುವಿಕೆ. ರೇಡಿಯೇಷನ್ ಬಿದ್ದ ಜಾಗದಲ್ಲಿ ಬೆವರು ಗ್ರಂಥಿಗಳು ಸೊರಗುತ್ತವೆ. ಇಂದಿಗೂ ನನ್ನ ಎಡ ಅಂಗೈಯ ಆ ತುಂಡು ಬೆವರುವುದಿಲ್ಲ. ಪುಸ್ತಕದ ಹಾಳೆ ತಿರುವುವಾಗ, ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸುವಾಗ ಹಿಡಿತ ಸಿಗದೆ ಜಾರುತ್ತದೆ. ಬೆವರಿನ ಆ ಸಣ್ಣ ಪಸೆಗೆ ಎಷ್ಟು ಕೆಲಸವಿತ್ತೆಂಬುದು ಅದು ಹೋದ ಮೇಲೆ ತಿಳಿಯಿತು. ರಾತ್ರಿ ಮಲಗುವಾಗ ವಾಸನೆಯಿಲ್ಲದ ಮುಲಾಮು ಹಚ್ಚದಿದ್ದರೆ ಚರ್ಮ ಬಿರಿಯುತ್ತದೆ. ಕೆಲವರಲ್ಲಿ ಚರ್ಮ ತೆಳುವಾಗುವುದು, ಸಣ್ಣ ರಕ್ತನಾಳಗಳು ಕೆಂಪು ಎಳೆಗಳಂತೆ ಮೇಲೆ ಕಾಣಿಸಿಕೊಳ್ಳುವುದು, ಬಿಸಿ ಅಥವಾ ನೋವಿನ ಸ್ಪರ್ಶಜ್ಞಾನ ಬದಲಾಗುವುದು ಕೂಡ ಇದೆ. ನನಗೆ ಇವು ಆಗಲಿಲ್ಲ. ಇಂಥವು ತಿಂಗಳುಗಳು, ವರ್ಷಗಳು ಕಳೆದ ಮೇಲೂ ಬರಬಹುದಾದ್ದರಿಂದ ಮೊದಲ ವರ್ಷ ಚೆನ್ನಾಗಿದ್ದ ಮಾತ್ರಕ್ಕೆ ಮುಗಿಯಿತೆಂದುಕೊಳ್ಳಬೇಡಿ.

ಕ್ಯಾನ್ಸರಿನ ಪ್ರಶ್ನೆಯನ್ನು ನಾನೂ ನೇರವಾಗಿಯೇ ಕೇಳಿದ್ದೆ. ಅಪಾಯ ಸೊನ್ನೆಯಲ್ಲ, ಆದರೆ ಚಿಕ್ಕದು. ವಿಕಿರಣ ಚರ್ಮದಿಂದ ಹೆಚ್ಚು ಆಳಕ್ಕೆ ಇಳಿಯದಂತೆ ನೋಡಿಕೊಳ್ಳುತ್ತಾರೆ, ದೇಹದ ಮುಖ್ಯ ಅಂಗಗಳು ದೂರದಲ್ಲಿವೆ, ಮತ್ತು ವಯಸ್ಕರ ಕೈಯ ಮೂಳೆಗಳಲ್ಲಿ ರಕ್ತ ತಯಾರಿಸುವ ಮಜ್ಜೆ ಬಹುತೇಕ ಇರುವುದಿಲ್ಲ. ವಿಕಿರಣದಿಂದ ಹುಟ್ಟುವ ಗಡ್ಡೆಗಳು ತಲೆಯೆತ್ತಲು ಸಾಮಾನ್ಯವಾಗಿ ದಶಕಗಳೇ ಬೇಕಾಗುವುದರಿಂದ 30ರ ವಯಸ್ಸಿನವರಿಗೂ 60ರ ವಯಸ್ಸಿನವರಿಗೂ ಲೆಕ್ಕ ಒಂದೇ ಅಲ್ಲ. ಚಿಕ್ಕ ವಯಸ್ಸಿನವರಿಗೆ ವೈದ್ಯರು ಹಿಂಜರಿಯುವುದು ಇದೇ ಕಾರಣಕ್ಕೆ. ಗರ್ಭಿಣಿಯರಿಗೆ ಈ ಚಿಕಿತ್ಸೆ ಕೊಡುವುದಿಲ್ಲ.

ಈಗ ನಾನು ಮುಖ್ಯವೆಂದು ನಂಬಿರುವ ಮಾತು. ನನ್ನ ಎಡಗೈಯ ಗಂಟು ಆರು ವರ್ಷದಿಂದ ಬೆಳೆದಿಲ್ಲ. ಏನೂ ಮಾಡಿಸದ ಬಲಗೈಯ ಗಂಟೂ ಬೆಳೆದಿಲ್ಲ! ಈ ಕಾಯಿಲೆ ಎಷ್ಟೋ ಜನರಲ್ಲಿ ಗಂಟಿನ ಹಂತದಲ್ಲಿಯೇ ನಿಂತುಬಿಡುತ್ತದೆ, ಆದ್ದರಿಂದ ಎಡಗೈಯನ್ನು ಕಾಪಾಡಿದ್ದು ರೇಡಿಯೇಷನ್ನೇ ಎಂದು ನಾನು ಪ್ರಾಮಾಣಿಕವಾಗಿ ಹೇಳಲಾರೆ. ಚಿಕಿತ್ಸೆಗಳನ್ನು ಪರಿಶೀಲಿಸಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿರುವುದೂ ಹೆಚ್ಚುಕಡಿಮೆ ಇದನ್ನೇ: ಸುರಕ್ಷತೆಯ ಬಗ್ಗೆ ದೊಡ್ಡ ಆತಂಕವಿಲ್ಲ, ಆದರೆ ಪರಿಣಾಮಕಾರಿ ಎನ್ನಲು ಸಿಕ್ಕಿರುವ ಆಧಾರ ಸಾಲದು. ಹಾಗಾಗಿ ನಿಮ್ಮ ಗಂಟು ಕಳೆದ ಆರು ತಿಂಗಳು, ಒಂದು ವರ್ಷದಲ್ಲಿ ನಿಜವಾಗಿ ಬೆಳೆದಿದೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ನಿಂತಿರುವ ಕಾಯಿಲೆಗೆ ರೇಡಿಯೇಷನ್ ಪಡೆದರೆ ಲಾಭ ಅನುಮಾನ, ಅಂಗೈ ಒಣಗುವ ಸಾಧ್ಯತೆ ಮಾತ್ರ ಇದ್ದೇ ಇರುತ್ತದೆ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ. ನಾನು ಮಾಡಿಸಿಕೊಳ್ಳದೆ ಕಾಯುತ್ತಿರುವವಳು. ಮೂರು ತಿಂಗಳಿಗೊಮ್ಮೆ ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಒತ್ತಿ, ಅದು ಸಪಾಟಾಗಿ ಕೂರುತ್ತದೆಯೇ ಎಂದು ನೋಡುತ್ತೇನೆ. ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡುತ್ತೇನೆ. ನಾಲ್ಕು ವರ್ಷದಲ್ಲಿ ಬದಲಾವಣೆ ಕಂಡಿಲ್ಲ. ಕಂಡರೆ ಅದೇ ವಾರ ಹೋಗುತ್ತೇನೆ, ಏಕೆಂದರೆ ತಡ ಮಾಡಿದರೂ ಕಷ್ಟವೇ.

ಮೂರನೆಯ ಉತ್ತರ: ತಡ ಮಾಡಿದವನು ನಾನು. ನಾನು ರೇಡಿಯೇಷನ್‌ಗೆ ಹೋಗುವಷ್ಟರಲ್ಲಿ ಅಂಗೈಯಲ್ಲಿ ಹುರಿಯಂಥ ಎಳೆ ಬಿಗಿದು ಕಿರುಬೆರಳು ಆಗಲೇ ಬಾಗಿತ್ತು. ಬಾಗಿದ ಬೆರಳನ್ನು ರೇಡಿಯೇಷನ್ ನೆಟ್ಟಗೆ ಮಾಡುವುದಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಬೇಸರ ಇನ್ನೂ ಇದೆ. ಮೂರು ವರ್ಷದ ನಂತರ ಶಸ್ತ್ರಚಿಕಿತ್ಸೆ ಬೇಕೇ ಆಯಿತು. ಆಗ ಶಸ್ತ್ರವೈದ್ಯರು ಮೊದಲು ಕೇಳಿದ್ದು, ಎಲ್ಲಿಗೆ, ಎಷ್ಟು ಗ್ರೇ, ಯಾವ ಬಗೆಯ ವಿಕಿರಣ ಕೊಟ್ಟಿದ್ದರು ಎಂಬುದನ್ನು. ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಚರ್ಮ ಒಣಗಿ ತೆಳುವಾಗಿದ್ದರಿಂದ ಗಾಯ ಮಾಯಲು ಅವರು ಹೇಳಿದ್ದಕ್ಕಿಂತ ಎರಡು ವಾರ ಹೆಚ್ಚು ಹಿಡಿಯಿತು, ಬೆರಳು ಮಾತ್ರ ಈಗ ಚಾಚಲು ಬರುತ್ತದೆ. ನೀವು ಮಾಡಿಸಿಕೊಳ್ಳುವುದೇ ಆದರೆ ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ಕೊನೆಯ ದಿನವೇ ಕೇಳಿ ಪಡೆದುಕೊಳ್ಳಿ; ಪೆನ್ನಿನ ಗೆರೆ ಅಳಿಸುವ ಮೊದಲು ಅಂಗೈಯ ಫೋಟೋ ತೆಗೆದು ಅದರ ಜೊತೆಗಿಡಿ.