ಸಹಾಯ ಬೇಕು: ಐಸಿಯುನಲ್ಲಿ ಸಿಸ್ಟರ್‌ಗಳ ಮಧ್ಯೆ ಮಾತಿಲ್ಲ

ನಮಸ್ಕಾರ. ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಅನುಭವ ಇರುವ ಸಿಸ್ಟರ್‌ಗಳು ದಯವಿಟ್ಟು ದಾರಿ ಹೇಳಿ.

ನಮ್ಮ ಇಬ್ಬರು ಸೀನಿಯರ್‌ಗಳಿಗೆ ರಜೆಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದಾರೆ. ಈಗ ಡ್ಯೂಟಿ ಬದಲಾಗುವಾಗ ಬೆಡ್ ಪಕ್ಕ ನಿಂತು ಹ್ಯಾಂಡೋವರ್ ಕೊಡೋದೇ, ಅಂದರೆ ರೋಗಿಯ ಸ್ಥಿತಿ ಮುಂದಿನ ನರ್ಸ್‌ಗೆ ಹೇಳೋದೇ, ನಿಂತಿದೆ. "ಎಲ್ಲಾ ಚಾರ್ಟ್‌ನಲ್ಲಿದೆ, ನೋಡ್ಕೋ" ಅಂತ ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ.

ಮೊನ್ನೆ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಅಜ್ಜ ಒಬ್ಬರು ವೆಂಟಿಲೇಟರ್ ಮೇಲಿದ್ದರು. ಬಿಪಿ ಬೀಳದಂತೆ ಪಂಪ್‌ನಿಂದ ಸ್ವಲ್ಪ ಸ್ವಲ್ಪವೇ ಕೊಡುವ ನಾರ್‌ಅಡ್ರಿನಲಿನ್ ಔಷಧಿಯ ಸಿರಿಂಜ್‌ನಲ್ಲಿ 2 ಎಂಎಲ್ ಕೂಡ ಉಳಿದಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಆ ಔಷಧಿ ನಿಂತರೆ ಕೆಲವೇ ನಿಮಿಷದಲ್ಲಿ ಬಿಪಿ ಬೀಳುತ್ತದೆ. ಪಂಪ್ ಕೂಗಿದ ಮೇಲೆ ಓಡಿಹೋಗಿ ಹೊಸ ಸಿರಿಂಜ್ ಹಾಕುವಷ್ಟರಲ್ಲಿ ಬಿಪಿ 70ಕ್ಕೆ ಇಳಿದಿತ್ತು. ಅಜ್ಜ ಉಳಿದರು. ಹೊರಗೆ ಬೆಂಚಿನ ಮೇಲೆ ಅವರ ಮಗಳು ಒದ್ದೆ ಕೊಡೆ ಹಿಡಿದು ಕೂತಿದ್ದರು. ಅವರ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಆ ಸೀನಿಯರ್‌ಗಳು ಇಬ್ಬರೂ ಕೆಟ್ಟವರಲ್ಲ. ನನಗೆ ಸಕ್ಷನ್ (ರೋಗಿಯ ಕಫ ಎಳೆದು ತೆಗೆಯೋದು) ಮಾಡೋದು ಕಲಿಸಿದ್ದೇ ಅವರಲ್ಲೊಬ್ಬರು. ವೆಂಟಿಲೇಟರ್ ಮೇಲಿರುವ ಒಬ್ಬೊಬ್ಬ ರೋಗಿಗೂ ಒಬ್ಬ ನರ್ಸ್ ಇರಬೇಕು. ನಮ್ಮಲ್ಲಿ ರಾತ್ರಿ ಮೂವರಿಗೆ ಒಬ್ಬರು. ಸುಸ್ತಾದಾಗ ಸಿಟ್ಟು ಜಾಸ್ತಿ ಆಗುತ್ತೆ ಅಲ್ವಾ? ಆದರೆ ಅದು ರೋಗಿಯ ಮೇಲೆ ಬೀಳಬಾರದು.

ಇನ್‌ಚಾರ್ಜ್ ಸಿಸ್ಟರ್ "ಸುಮ್ನೆ ಹೊಂದಿಕೊಂಡು ಹೋಗಿ" ಅಂದರು. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಲಾ? ಯಾರ ಹೆಸರೂ ಹಾಕದೆ, ಆದದ್ದನ್ನಷ್ಟೇ ಹೇಗೆ ಬರೆಯಲಿ? ಪಂಪ್‌ನಲ್ಲಿ ಎಷ್ಟು ಔಷಧಿ ಉಳಿದಿದೆ ಅಂತ ಡ್ಯೂಟಿ ಮುಗಿಸುವವರು, ಡ್ಯೂಟಿಗೆ ಬರುವವರು ಇಬ್ಬರೂ ನೋಡಿ ಸಹಿ ಹಾಕುವ ಹ್ಯಾಂಡೋವರ್ ಶೀಟ್ ನಿಮ್ಮಲ್ಲಿದ್ದರೆ, ಖಾಲಿ ಶೀಟಿನ ಫೋಟೋ ಹಾಕಿ. ನಾಳೆಯಿಂದ ನನಗೆ ನೈಟ್ ಡ್ಯೂಟಿ.